ಗೋಡೆಯ ಹೊದಿಕೆ ಮತ್ತು ಗೃಹಸ್ಥನ ಸತ್ಯ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯು ಗೃಹಸ್ಥ ಜೀವನದ ಎರಡು ದೊಡ್ಡ ಪರೀಕ್ಷೆಗಳನ್ನು ಹೆಸರಿಸುತ್ತದೆ. ಈ ಎರಡರಲ್ಲಿಯೂ ಮನುಷ್ಯನ ಹಣ ಮಾತ್ರವಲ್ಲ, ಅವನ ನಡತೆಯೂ ಪರೀಕ್ಷೆಗೆ ಒಳಗಾಗುತ್ತದೆ. ಅಡಿಪಾಯ, ಗೋಡೆ, ಛಾವಣಿಗಳ ವಿಷಯದಲ್ಲಿ ಬಹಳ ಎಚ್ಚರ ವಹಿಸುವವರು ಕೂಡ ಕೊನೆಯ ಹಂತವಾದ ಬಣ್ಣಕ್ಕೆ ಬಂದಾಗ ಅದು ಕೇವಲ ಅಭಿರುಚಿಯ ಪ್ರಶ್ನೆಯೆಂದು ತಿಳಿಯುವುದುಂಟು. ಯಾವ ಬಣ್ಣ, ಯಾವ ವಿನ್ಯಾಸ, ಎಷ್ಟು ಖರ್ಚು ಎಂಬ ಮೂರು ವಿಚಾರಗಳು ತೀರ್ಮಾನವಾದರೆ ಎಲ್ಲವೂ ಮುಗಿಯಿತು ಎಂಬುದು ಸಾಮಾನ್ಯ ಭಾವನೆ. ಆದರೆ ಗೋಡೆಗೆ ಹೊದಿಕೆ ಹಾಕುವ ಕೆಲಸದಲ್ಲಿ ನಾಲ್ಕನೆಯ ವಿಚಾರವೊಂದು ಅಡಗಿದೆ. ಆ ಹೊದಿಕೆಯ ಅಡಿಯಲ್ಲಿ ಏನು ಉಳಿಯಿತು, ಅದನ್ನು ಯಾರು ಬಲ್ಲರು, ಅದರ ಫಲವನ್ನು ಯಾರು ಉಣ್ಣುವರು ಎಂಬುದೇ ಆ ವಿಚಾರ.

ಇತ್ತೀಚಿನ ದಶಕಗಳಲ್ಲಿ ನಗರಗಳ ಮನೆಗಳಲ್ಲಿ ಟೆಕ್ಸ್ಚರ್ ಪೇಂಟ್ ಎಂಬ ಉಬ್ಬುತಗ್ಗಿನ ಲೇಪವು ಬಹಳ ಬಳಕೆಗೆ ಬಂದಿದೆ. ಹಜಾರದ ಒಂದು ಗೋಡೆ ಕಲ್ಲಿನಂತೆ, ಮಲಗುವ ಕೋಣೆಯ ಒಂದು ಗೋಡೆ ನೇಯ್ದ ಬಟ್ಟೆಯಂತೆ, ಮತ್ತೊಂದು ಮರಳಿನ ಅಲೆಯಂತೆ ಕಾಣುವುದು ಈಗ ಅಪರೂಪವಲ್ಲ. ಇದು ಸುಂದರವಾದುದೇ. ಇದರ ಉಪಯುಕ್ತತೆಯನ್ನೂ ಅಲ್ಲಗಳೆಯುವಂತಿಲ್ಲ. ಆದರೆ ಈ ಲೇಪದ ಮುಖ್ಯ ಗುಣವೆಂದು ಮಾರಾಟಗಾರರು ಹೇಳುವ ಮಾತೇ ನೀತಿಯ ದೃಷ್ಟಿಯಿಂದ ವಿಚಾರಾರ್ಹವಾಗಿದೆ. ಗೋಡೆಯ ದೋಷಗಳನ್ನು ಇದು ಚೆನ್ನಾಗಿ ಮರೆಮಾಡುತ್ತದೆ ಎಂಬುದೇ ಆ ಮಾತು. ಮರೆಮಾಡುವುದು ಎಲ್ಲಿಯವರೆಗೆ ಅಲಂಕಾರ? ಎಲ್ಲಿಂದ ಅದು ಅಸತ್ಯ?

ಲೇಪದ ಸ್ವರೂಪ

ಮೊದಲು ವಸ್ತುಸ್ವರೂಪವನ್ನು ತಿಳಿಯುವುದು ಯುಕ್ತ. ಸಾಮಾನ್ಯವಾದ ಎಮಲ್ಷನ್ ಬಣ್ಣವನ್ನು ಎರಡು ಸಲ ಬಳಿದರೂ ಒಣಗಿದ ಮೇಲೆ ಅದರ ದಪ್ಪ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟೂ ಇರುವುದಿಲ್ಲ. ಟೆಕ್ಸ್ಚರ್ ಲೇಪದ ದಪ್ಪ ಸಾಧಾರಣವಾಗಿ 1ರಿಂದ 3 ಮಿಲಿಮೀಟರ್. ಅಕ್ರಿಲಿಕ್ ಅಂಟು, ಸುಣ್ಣಕಲ್ಲಿನ ಪುಡಿ, ಬೆಣಚುಕಲ್ಲಿನ ಸಣ್ಣ ಮರಳು, ನೀರು, ಮಂದಗೊಳಿಸುವ ದ್ರವ್ಯ ಇವುಗಳ ಮಿಶ್ರಣವೇ ಈ ಲೇಪ. ಇದನ್ನು ಕರಣೆಯಿಂದ ಹಚ್ಚಿ, ಹಸಿಯಿರುವಾಗಲೇ ರೋಲರು, ಸ್ಪಂಜು, ಬಾಚಣಿಗೆಯಂಥ ಹಲ್ಲುಳ್ಳ ಪಟ್ಟಿ, ಮುದುಡಿದ ಬಟ್ಟೆ ಮುಂತಾದ ಸಾಧನಗಳಿಂದ ವಿನ್ಯಾಸವನ್ನು ಎಬ್ಬಿಸುತ್ತಾರೆ. ಒಂದು ಗೋಡೆಯನ್ನು ಮೂಲೆಯಿಂದ ಮೂಲೆಯವರೆಗೆ ಒಂದೇ ಓಟದಲ್ಲಿ ಮುಗಿಸಬೇಕು. ನಡುವೆ ನಿಲ್ಲಿಸಿದರೆ ಒಣಗಿದ ಅಂಚಿನ ಗೆರೆ ಶಾಶ್ವತವಾಗಿ ಉಳಿದುಬಿಡುತ್ತದೆ. ಇದು ಕೈಚಳಕದ ಕೆಲಸ. ಒಳ್ಳೆಯ ಕುಶಲಿಯು ಮಾಡಿದ ಗೋಡೆಗೂ ಹೊಸಬನು ಮಾಡಿದ ಗೋಡೆಗೂ ಇರುವ ಅಂತರ ಎಂಥವರ ಕಣ್ಣಿಗೂ ಕಾಣುತ್ತದೆ.

ಈ ಲೇಪವು ದೋಷವನ್ನು ಮುಚ್ಚುವ ಬಗೆಯೂ ಸ್ವಾರಸ್ಯಕರವಾಗಿದೆ. ನುಣುಪಾದ ಗೋಡೆಯ ಮೇಲೆ ಬೆಳಕು ಓರೆಯಾಗಿ ಬಿದ್ದಾಗ ಸಣ್ಣ ಉಬ್ಬು, ತಗ್ಗು, ಬಿರುಕುಗಳು ತಮ್ಮ ನೆರಳಿನಿಂದಲೇ ಕಣ್ಣಿಗೆ ಗೋಚರಿಸುತ್ತವೆ. ಉಬ್ಬುತಗ್ಗಿನ ಲೇಪದಲ್ಲಿಯಾದರೋ ಇಡೀ ಗೋಡೆಯೇ ಸಾವಿರಾರು ಕಿರುನೆರಳುಗಳಿಂದ ತುಂಬಿರುತ್ತದೆ. ಬಿರುಕಿನ ನೆರಳು ಆ ಜಾತ್ರೆಯಲ್ಲಿ ಕಳೆದುಹೋಗುತ್ತದೆ. ಅಂದರೆ ದೋಷವು ನಿವಾರಣೆಯಾಗುವುದಿಲ್ಲ. ಕಣ್ಣಿಗೆ ಅದು ಬೇರೆಯಾಗಿ ತೋರದಂತೆ ಆಗುತ್ತದೆ, ಅಷ್ಟೆ. ಮುಂದಿನ ಎಲ್ಲ ವಿಚಾರವೂ ಈ ಒಂದು ಭೇದದ ಮೇಲೆ ನಿಂತಿದೆ.

ಅನುಕರಣೆಯು ಅಸತ್ಯವೇ?

ಕಲ್ಲಲ್ಲದ್ದನ್ನು ಕಲ್ಲಿನಂತೆ ತೋರಿಸುವುದೇ ಸುಳ್ಳು ಎಂದು ವಾದಿಸಿದವರಿದ್ದಾರೆ. ಇಂಗ್ಲೆಂಡಿನ ಜಾನ್ ರಸ್ಕಿನ್ 1849ರಲ್ಲಿ ಪ್ರಕಟಿಸಿದ ವಾಸ್ತುಶಿಲ್ಪದ ಏಳು ದೀಪಗಳೆಂಬ ಗ್ರಂಥದಲ್ಲಿ ಒಂದು ದೀಪಕ್ಕೆ ಸತ್ಯವೆಂದೇ ಹೆಸರಿಟ್ಟನು. ಇಟ್ಟಿಗೆಯ ಗೋಡೆಗೆ ಗಾರೆ ಬಳಿದು, ಅದರ ಮೇಲೆ ಕಲ್ಲಿನ ಸಂದುಗಳಂತೆ ಗೆರೆ ಕೊರೆಯುವುದು ಅವನ ದೃಷ್ಟಿಯಲ್ಲಿ ಸುಳ್ಳಾಡಿದಂತೆಯೇ. ಆದರೆ ಅದೇ ಗಾರೆಯ ಮೇಲೆ ಚಿತ್ರ ಬರೆದರೆ ಅದು ಸುಳ್ಳಲ್ಲ. ಏಕೆಂದರೆ ಚಿತ್ರವು ತಾನು ಚಿತ್ರವೆಂದೇ ಹೇಳಿಕೊಳ್ಳುತ್ತದೆ. ಚಿನ್ನದ ಮುಲಾಮಿನ ವಿಷಯದಲ್ಲಿ ಅವನು ಮಾಡಿದ ವಿವೇಚನೆ ಇನ್ನೂ ಸೂಕ್ಷ್ಮವಾದುದು. ಕಟ್ಟಡದ ಮೇಲಿನ ಮುಲಾಮು ವಂಚನೆಯಲ್ಲ. ಅಲ್ಲಿ ಯಾರೂ ಅದನ್ನು ಗಟ್ಟಿ ಚಿನ್ನವೆಂದು ನಂಬುವುದಿಲ್ಲ. ಒಡವೆಯ ಮೇಲಿನ ಮುಲಾಮು ವಂಚನೆ. ಅಲ್ಲಿ ನೋಡುವವನು ಚಿನ್ನವೆಂದೇ ನಂಬುತ್ತಾನೆ. ಹೀಗೆ ವಸ್ತು ಒಂದೇ, ಲೇಪ ಒಂದೇ ಆಗಿದ್ದರೂ ನೋಡುವವನ ನಂಬಿಕೆಗೆ ತಕ್ಕಂತೆ ಅದರ ನೀತಿ ಬದಲಾಗುತ್ತದೆ.

ಈ ವಿವೇಚನೆ ಜೈನ ಓದುಗರಿಗೆ ಹೊಸದಲ್ಲ. ಗೊಮ್ಮಟಸಾರದ ಜೀವಕಾಂಡದಲ್ಲಿ ಹೇಳಲಾದ ಹತ್ತು ಬಗೆಯ ಸತ್ಯಗಳಲ್ಲಿ ಸ್ಥಾಪನಾ ಸತ್ಯವೂ ಒಂದು. ಚದುರಂಗದ ಮರದ ಕಾಯಿಯನ್ನು ಆನೆಯೆಂದೂ ಕುದುರೆಯೆಂದೂ ಕರೆದರೆ ಆಟಗಾರರಲ್ಲಿ ಯಾರೂ ಸುಳ್ಳಾಡಿದಂತೆ ಆಗುವುದಿಲ್ಲ. ಇದು ಹೀಗೆಂದು ಭಾವಿಸೋಣ ಎಂಬ ಒಪ್ಪಂದ ಇಬ್ಬರಿಗೂ ತಿಳಿದಿರುತ್ತದೆ. ಹಜಾರದ ಗೋಡೆ ಕಲ್ಲಿನಂತೆ ಕಂಡರೆ ಅತಿಥಿಗೆ ಸಂತೋಷವಾಗುತ್ತದೆ, ಅವನಿಗೆ ಯಾವ ನಷ್ಟವೂ ಇಲ್ಲ. ಕೇಳಿದರೆ ಮನೆಯವರು ಇದು ಬಣ್ಣವೆಂದು ಹೇಳುತ್ತಾರೆ, ಬೆರಳಿನಿಂದ ತಟ್ಟಿದರೆ ಗೋಡೆಯೇ ಹೇಳುತ್ತದೆ. ಆದುದರಿಂದ ರಸ್ಕಿನ್ನನಷ್ಟು ಕಠಿಣರಾಗಬೇಕಾದ ಅಗತ್ಯ ಗೃಹಸ್ಥರಿಗಿಲ್ಲ. ತೋರಿಕೆಯ ಅನುಕರಣೆ ತಾನಾಗಿಯೇ ಅಸತ್ಯವಲ್ಲ.

ಹಾಗಾದರೆ ದೋಷವೆಲ್ಲಿದೆ? ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವನ್ನು ಸೇರಿಸಿದೆ. ಅಸಲಿನ ಹೆಸರಿನಲ್ಲಿ ನಕಲನ್ನು ಕೊಟ್ಟು ವ್ಯಾಪಾರ ಮಾಡುವುದೇ ಪ್ರತಿರೂಪಕ ವ್ಯವಹಾರ. ಮೇಲ್ನೋಟಕ್ಕೆ ಇದು ಸತ್ಯವ್ರತದ ಅಡಿಯಲ್ಲಿ ಬರಬೇಕಾಗಿತ್ತು ಎನಿಸುವುದು ಸಹಜ. ಆದರೆ ಸೂತ್ರಕಾರರು ಇದನ್ನು ಕಳವಿನ ಪಕ್ಕದಲ್ಲಿ ಇರಿಸಿದ್ದಾರೆ. ನಕಲನ್ನು ಅಸಲೆಂದು ಮಾರುವವನು ಬಾಯಿಂದ ಒಂದು ಮಾತನ್ನೂ ಆಡದಿರಬಹುದು. ಆದರೂ ಕೊಳ್ಳುವವನ ಚೀಲದಿಂದ, ಅವನು ತಿಳಿದು ಕೊಡದ ಹಣ ಇವನ ಚೀಲಕ್ಕೆ ಬಂದಿರುತ್ತದೆ. ತಿಳಿಯದೆ ಕೊಟ್ಟದ್ದು ಕೊಟ್ಟದ್ದಲ್ಲ. ಅದು ತೆಗೆದುಕೊಂಡದ್ದು. ಗೋಡೆಯ ವಿಷಯದಲ್ಲಿಯೂ ಇದೇ ಅಳತೆಗೋಲು ಸಲ್ಲುತ್ತದೆ.

ಎರಡು ಬಗೆಯ ದೋಷಗಳು

ಗೋಡೆಯ ದೋಷಗಳನ್ನು ಸ್ಥೂಲವಾಗಿ ಎರಡಾಗಿ ವಿಂಗಡಿಸಬಹುದು. ಕರಣೆಯ ಗುರುತು, ಗಾರೆಯ ಸಣ್ಣ ಏರುಪೇರು, ಗಾರೆ ಒಣಗುವಾಗ ಕುಗ್ಗಿ ಮೂಡಿದ ಕೂದಲೆಳೆಯ ಬಿರುಕು, ವಿದ್ಯುತ್ ಪೈಪಿಗಾಗಿ ಕೊರೆದು ಮುಚ್ಚಿದ ಗೆರೆ, ಇವು ಮೊದಲನೆಯ ಬಗೆ. ಇವು ಬೆಳೆಯುವುದಿಲ್ಲ, ಯಾರಿಗೂ ತೊಂದರೆ ಕೊಡುವುದಿಲ್ಲ. ಇವುಗಳನ್ನು ಲೇಪದಿಂದ ಮುಚ್ಚುವುದು ಹರಿದ ಅಂಚನ್ನು ಮಡಿಚಿ ಹೊಲಿದಂತೆ. ಎರಡನೆಯ ಬಗೆಯವು ಜೀವಂತ ದೋಷಗಳು. ಕಿಟಕಿಯ ಮೂಲೆಯಿಂದ ಓರೆಯಾಗಿ ಏರುತ್ತ ಅಗಲವಾಗುವ ಬಿರುಕು ಅಡಿಪಾಯ ಕುಸಿಯುತ್ತಿರುವುದರ ಸೂಚನೆಯಾಗಿರಬಹುದು. ಹಿಂದಿನ ಮೇಸ್ತ್ರಿಗಳು ಅಂಥ ಬಿರುಕಿಗೆ ಅಡ್ಡಲಾಗಿ ಗಾಜಿನ ಸಣ್ಣ ಪಟ್ಟಿಯನ್ನು ಅಂಟಿಸಿ ತಿಂಗಳುಗಟ್ಟಲೆ ಕಾಯುತ್ತಿದ್ದರು. ಗಾಜು ಒಡೆದರೆ ಗೋಡೆ ಇನ್ನೂ ಚಲಿಸುತ್ತಿದೆ ಎಂದು ಅರ್ಥ. ಇಂಥ ಬಿರುಕಿನ ಮೇಲೆ ಲೇಪ ಬಳಿಯುವುದೆಂದರೆ ಜ್ವರ ಬಂದವನ ಮುಖಕ್ಕೆ ಗಂಧ ಪೂಸಿದಂತೆ.

ಜೀವಂತ ದೋಷಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ತೇವ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆಯಾಗುತ್ತದೆ. ಅಲ್ಲಿಯ ಮುರಕಲ್ಲಿನ ಗೋಡೆಗಳು ನೀರನ್ನು ಹೀರುತ್ತವೆ. ಒಳನಾಡಿನ ನಗರಗಳಲ್ಲಿ ಸ್ನಾನದ ಮನೆಯ ಸೋರುವ ಪೈಪು, ಹೊರಗೋಡೆಯ ಬಿರುಕು, ತೇವತಡೆ ಪದರವಿಲ್ಲದ ಪಾಯ ಇವುಗಳಿಂದ ನೀರು ಗೋಡೆಗೆ ಏರುತ್ತದೆ. ಇಟ್ಟಿಗೆಯ ಸೂಕ್ಷ್ಮ ರಂಧ್ರಗಳ ಮೂಲಕ ಏರುವ ಆ ನೀರು ತನ್ನೊಂದಿಗೆ ಲವಣಗಳನ್ನು ತರುತ್ತದೆ. ನೀರು ಆರುವಾಗ ಲವಣ ಹರಳುಗಟ್ಟಿ ಹಿಗ್ಗುತ್ತದೆ, ಗಾರೆಯನ್ನು ಒಳಗಿನಿಂದ ತಳ್ಳುತ್ತದೆ. ಹಳೆಯ ಸುಣ್ಣದ ಗೋಡೆಯಾದರೆ ತೇವವನ್ನು ಆವಿಯಾಗಿ ಹೊರಗೆ ಬಿಡುತ್ತಿತ್ತು. ಅಕ್ರಿಲಿಕ್ ಲೇಪವು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಹೀಗಾಗಿ ಮುಚ್ಚಿದ ತೇವವು ಕೆಲವು ಕಾಲ ಒಳಗೇ ಇದ್ದು, ನಂತರ ಗುಳ್ಳೆಯಾಗಿ, ಬೂಷ್ಟಾಗಿ, ಹಪ್ಪಳದಂತೆ ಏಳುವ ಪದರವಾಗಿ ಹೊರಬರುತ್ತದೆ. ಒಳಗೆ ಹುಳುಕು, ಹೊರಗೆ ಥಳುಕು ಎಂಬ ಮಾತು ಇಲ್ಲಿ ಅಕ್ಷರಶಃ ನಿಜವಾಗುತ್ತದೆ.

ಈ ಸಮಸ್ಯೆ ಹೊಸದಲ್ಲ. ಕ್ರಿಸ್ತಪೂರ್ವ ಒಂದನೆಯ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ತನ್ನ ಗ್ರಂಥದ ಏಳನೆಯ ಭಾಗದಲ್ಲಿ ಗೋಡೆಯ ಅಲಂಕಾರವನ್ನು ವಿವರಿಸುವಾಗಲೇ ತೇವದ ಕೋಣೆಗಳ ಮಾತನ್ನೂ ಎತ್ತಿದ್ದಾನೆ. ನೆಲದಿಂದ ಸುಮಾರು ಮೂರು ಅಡಿಯ ಎತ್ತರದವರೆಗೆ ಮರಳಿಗೆ ಬದಲಾಗಿ ಸುಟ್ಟ ಇಟ್ಟಿಗೆಯ ಪುಡಿಯನ್ನು, ಎಂದರೆ ಈ ನಾಡಿನವರು ಸುರ್ಕಿ ಎನ್ನುವುದನ್ನು, ಗಾರೆಗೆ ಬಳಸಬೇಕೆಂಬುದು ಅವನ ಸಲಹೆ. ತೇವ ಎಡೆಬಿಡದೆ ಇರುವ ಗೋಡೆಯಾದರೆ ಅದರ ಮುಂದೆ ಅಂತರ ಬಿಟ್ಟು ಇನ್ನೊಂದು ತೆಳುವಾದ ಗೋಡೆಯನ್ನು ಕಟ್ಟಿ, ನಡುವಿನ ಕಾಲುವೆಯಿಂದ ನೀರು ಹೊರಗೆ ಹರಿಯುವಂತೆಯೂ ಗಾಳಿಯಾಡುವಂತೆಯೂ ಮಾಡಬೇಕೆಂದು ಅವನು ಹೇಳಿದ್ದಾನೆ. ನೀರಿಗೆ ಮೊದಲು ದಾರಿ, ಚಿತ್ರಕ್ಕೆ ನಂತರ ಗೋಡೆ ಎಂಬುದು ಅವನ ಕ್ರಮ. ಎರಡು ಸಾವಿರ ವರ್ಷಗಳ ನಂತರವೂ ಈ ಕ್ರಮಕ್ಕೆ ತಿದ್ದುಪಡಿ ಬೇಕಾಗಿಲ್ಲ.

ಮಾರುವವನ ಮೌನ

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಬಹುದು. ಒಬ್ಬ ಗೃಹಸ್ಥನು ಮಗಳ ಮದುವೆಗಾಗಿ ಮನೆಯನ್ನು ಮಾರಲು ನಿಶ್ಚಯಿಸುತ್ತಾನೆ. ಪಡುವಣ ಗೋಡೆಗೆ ಪ್ರತಿ ಮಳೆಗಾಲದಲ್ಲಿಯೂ ತೇವ ಬರುವುದು ಅವನಿಗೆ ಗೊತ್ತು. ಫಾಲ್ಗುಣದಲ್ಲಿ ಗೋಡೆ ಒಣಗಿದೆ. ಮನೆಗೆ ಕಳೆ ಬರಲಿ ಎಂದು ಆ ಗೋಡೆಗೆ ಟೆಕ್ಸ್ಚರ್ ಲೇಪ ಮಾಡಿಸುತ್ತಾನೆ. ಚೈತ್ರದಲ್ಲಿ ಕೊಳ್ಳುವವರು ಬಂದು ಅದೇ ಗೋಡೆಯನ್ನು ಮೆಚ್ಚಿ, ಮಾತುಕತೆ ಮುಗಿಸುತ್ತಾರೆ. ಗೋಡೆಯ ಬಗ್ಗೆ ಅವರು ಏನನ್ನೂ ಕೇಳುವುದಿಲ್ಲ, ಇವನು ಏನನ್ನೂ ಹೇಳುವುದಿಲ್ಲ. ಆಷಾಢದಲ್ಲಿ ಗೋಡೆ ಗುಳ್ಳೆಯೇಳುತ್ತದೆ. ಆ ಗೋಡೆಗೆ ಒತ್ತಿ ಹಾಕಿದ ಮಂಚದ ಮೇಲೆ ಕೊಂಡವರ ಮನೆಯ ಹಸುಗೂಸೋ, ಉಬ್ಬಸವುಳ್ಳ ವೃದ್ಧರೋ ಮಲಗಿರುತ್ತಾರೆ. ಇಲ್ಲಿ ಸುಳ್ಳಿನ ಒಂದು ಶಬ್ದವೂ ಉಚ್ಚಾರವಾಗಿಲ್ಲ. ಮಾರಿದವನು ದುಷ್ಟನಲ್ಲ, ಅವನ ಅಗತ್ಯ ನಿಜವಾದುದು. ಆದರೂ ಅವನ ಮಗಳ ಮದುವೆಯ ಖರ್ಚಿನಲ್ಲಿ ಒಂದು ಪಾಲನ್ನು ಅಪರಿಚಿತರ ಮಗುವೊಂದು ತನ್ನ ಉಸಿರಿನಿಂದ ತೆತ್ತಂತಾಯಿತು.

ಈ ವಿಷಯದಲ್ಲಿ ದೇಶದ ಕಾನೂನು ಧರ್ಮದೊಂದಿಗೆ ಸಾಗುತ್ತದೆ ಎಂಬುದು ವ್ಯಾಪಾರಸ್ಥರು ಗಮನಿಸಬೇಕಾದ ಅಂಶ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದಲ್ಲಿ, ತನಗೆ ತಿಳಿದಿರುವ, ಕೊಳ್ಳುವವನಿಗೆ ತಿಳಿಯದಿರುವ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಅವನಿಗೆ ಕಾಣದಿರುವ ಮುಖ್ಯ ದೋಷವನ್ನು ಮಾರುವವನು ತಾನಾಗಿಯೇ ತಿಳಿಸತಕ್ಕದ್ದು. ಹಾಗೆ ತಿಳಿಸದಿರುವುದನ್ನು ಅದೇ ಕಲಂ ವಂಚನೆಯೆಂದು ಪರಿಗಣಿಸುತ್ತದೆ. ಬಾಡಿಗೆಗೆ ಕೊಡುವವನಿಗೂ 108ನೆಯ ಕಲಮಿನಲ್ಲಿ ಇಂಥದೇ ಹೊಣೆಯಿದೆ. 1872ರ ಕರಾರು ಕಾಯಿದೆಯ 17ನೆಯ ಕಲಂ ತಿಳಿದ ಸಂಗತಿಯನ್ನು ಬೇಕೆಂದೇ ಮರೆಮಾಚುವುದನ್ನು ವಂಚನೆಯ ಪಟ್ಟಿಯಲ್ಲಿ ಸೇರಿಸಿದೆ. ರೇರಾ ಎಂದು ಪರಿಚಿತವಾದ 2016ರ ಕಾಯಿದೆಯಂತೆ ಸ್ವಾಧೀನ ಕೊಟ್ಟ ದಿನದಿಂದ 5 ವರ್ಷಗಳೊಳಗೆ ತಿಳಿಸಲಾದ ರಚನೆಯ ಅಥವಾ ಕೆಲಸಗಾರಿಕೆಯ ದೋಷವನ್ನು ಕಟ್ಟಡ ನಿರ್ಮಾಪಕರು 30 ದಿನಗಳೊಳಗೆ ಹಣ ಪಡೆಯದೆ ಸರಿಪಡಿಸಬೇಕು. ಕೊಳ್ಳುವವನೇ ಎಚ್ಚರವಾಗಿರಲಿ ಎಂಬ ಹಳೆಯ ವ್ಯಾಪಾರಿ ಮಾತಿಗೆ ಮುಚ್ಚಿದ ಗೋಡೆಯ ಮುಂದೆ ಬೆಲೆಯಿಲ್ಲ. ಎಚ್ಚರದ ಕಣ್ಣಿಗೂ ಕಾಣದಂತೆ ಮಾಡಿದವನು ಎಚ್ಚರವನ್ನು ಬೋಧಿಸಲಾರನು.

ಇದಕ್ಕೆ ಕೆಲವು ಆಕ್ಷೇಪಗಳು ಬರುವುದು ಸಹಜ. ಎಲ್ಲರೂ ಹೀಗೆಯೇ ಮಾಡುತ್ತಾರೆ, ಒಬ್ಬನು ಮಾತ್ರ ಸತ್ಯ ಹೇಳಿದರೆ ಅವನಿಗೆ ನಷ್ಟ ಎಂಬುದು ಮೊದಲನೆಯದು. ಇದರಲ್ಲಿ ನಿಜವಿದೆ. ಸತ್ಯಕ್ಕೆ ಬೆಲೆ ತೆರಬೇಕಾಗುತ್ತದೆ. ತೆರಬೇಕಾಗದಿದ್ದರೆ ಅದನ್ನು ವ್ರತವೆಂದು ಕರೆಯುವ ಅಗತ್ಯವೇ ಇರುತ್ತಿರಲಿಲ್ಲ. ಆದರೆ ಲೆಕ್ಕವನ್ನು ಸರಿಯಾಗಿ ಬರೆದರೆ, ಕಡಿಮೆಯಾದ ಆ ಮೊತ್ತ ಮಾರುವವನ ನಷ್ಟವಲ್ಲ, ಗೋಡೆಯ ದೋಷದ ಬೆಲೆ. ಅದು ಮೊದಲಿನಿಂದಲೂ ಅವನ ಖಾತೆಯಲ್ಲಿಯೇ ಇದ್ದ ಸಾಲ. ಮೌನದಿಂದ ಸಾಲ ತೀರುವುದಿಲ್ಲ, ಬೇರೆಯವರ ಖಾತೆಗೆ ವರ್ಗವಾಗುತ್ತದೆ. ಎರಡನೆಯ ಆಕ್ಷೇಪವು ಇನ್ನೂ ಸೂಕ್ಷ್ಮವಾದುದು. ಸೋರಿಕೆಯನ್ನು ಪ್ರಾಮಾಣಿಕವಾಗಿ ದುರಸ್ತಿ ಮಾಡಿಸಿದ್ದು, ಅದು ಪೂರ್ತಿ ಗುಣವಾಯಿತೇ ಎಂದು ಮಾರುವವನಿಗೇ ಗೊತ್ತಿಲ್ಲದಿದ್ದರೆ ಏನು ಹೇಳಬೇಕು? ಗೊತ್ತಿರುವಷ್ಟನ್ನು ಹೇಳಬೇಕು. ಇಂಥ ವರ್ಷ ಇಲ್ಲಿ ತೇವವಿತ್ತು, ಇಂಥ ಕೆಲಸ ಮಾಡಿಸಿದೆ, ರಸೀದಿ ಇಲ್ಲಿದೆ, ಆ ನಂತರ ಒಂದು ಮಳೆಗಾಲ ಕಳೆದಿದೆ ಅಥವಾ ಕಳೆದಿಲ್ಲ. ಭವಿಷ್ಯವನ್ನು ಖಚಿತವಾಗಿ ಹೇಳುವ ಹೊಣೆ ಯಾರ ಮೇಲೂ ಇಲ್ಲ. ಹಿಂದೆ ನಡೆದುದನ್ನು ಬಚ್ಚಿಡದಿರುವ ಹೊಣೆ ಮಾತ್ರ ಇದೆ.

ಮುಂದೆ ಕೆರೆಯುವವನ ಹಕ್ಕು

ಹೊದಿಕೆಯ ಅಡಿಯಲ್ಲಿರುವುದಷ್ಟೇ ಅಲ್ಲದೆ ಹೊದಿಕೆಯಲ್ಲಿ ಬೆರೆತಿರುವುದೂ ಮುಂದಿನವರಿಗೆ ಸಂಬಂಧಿಸಿದ್ದು. ಇದಕ್ಕೆ ದುಃಖಕರವಾದ ನಿದರ್ಶನ ಪಶ್ಚಿಮದ ದೇಶಗಳಲ್ಲಿದೆ. ಬ್ರಿಟನ್ನಿನಲ್ಲಿ ಆರ್ಟೆಕ್ಸ್ ಎಂಬ ಹೆಸರಿನಿಂದ ಮನೆಮಾತಾದ ಉಬ್ಬುತಗ್ಗಿನ ಲೇಪವನ್ನು ಲಕ್ಷಾಂತರ ಮನೆಗಳ ಛಾವಣಿಗೂ ಗೋಡೆಗೂ ಬಳಿಯಲಾಗಿತ್ತು. 1980ರ ದಶಕದ ಮಧ್ಯದವರೆಗೆ ಇಂಥ ಲೇಪಗಳಿಗೆ ಬಲ ಬರಲೆಂದು ಬಿಳಿಯ ಕಲ್ನಾರನ್ನು ಬೆರೆಸುತ್ತಿದ್ದರು. 1999ರಲ್ಲಿ ಆ ದೇಶವು ಬಿಳಿಯ ಕಲ್ನಾರನ್ನೂ ನಿಷೇಧಿಸಿತು. ಅಮೆರಿಕದಲ್ಲಿ ಅಲಂಕಾರಕ್ಕಾಗಿ ಕಲ್ನಾರಿನ ಲೇಪ ಸಿಂಪಡಿಸುವುದನ್ನು 1978ರಲ್ಲಿ ನಿಷೇಧಿಸಲಾಯಿತು. ಗೋಡೆಯ ಮೇಲೆ ಅಲುಗದೆ ಇರುವಷ್ಟು ಕಾಲ ಆ ಲೇಪದಿಂದ ಅಪಾಯ ಕಡಿಮೆ. ಒಣದಾಗಿ ಕೆರೆದಾಗ, ಉಜ್ಜಿದಾಗ ಅದರ ಎಳೆಗಳು ಗಾಳಿಗೆ ಸೇರಿ ಶ್ವಾಸಕೋಶವನ್ನು ಹೊಕ್ಕು, ದಶಕಗಳ ನಂತರ ಕ್ಯಾನ್ಸರಿನಂಥ ರೋಗವಾಗಿ ತೋರಬಹುದು. ಬಳಿದವನೊಬ್ಬ, ಕೆರೆಯುವವನೊಬ್ಬ. ನಡುವೆ 40 ವರ್ಷ. ಆದುದರಿಂದಲೇ ಬ್ರಿಟನ್ನಿನ 2012ರ ಕಲ್ನಾರು ನಿಯಮಗಳು, ವಾಸದ ಮನೆಗಳಲ್ಲದ ಕಟ್ಟಡಗಳನ್ನು ನೋಡಿಕೊಳ್ಳುವವರು ಕಲ್ನಾರು ಎಲ್ಲಿದೆಯೆಂಬ ದಾಖಲೆಯನ್ನು ಇಟ್ಟು, ಅದನ್ನು ಅಲುಗಿಸಬಹುದಾದ ಕೆಲಸಗಾರರಿಗೆ ತಿಳಿಸಬೇಕೆಂದು ವಿಧಿಸಿವೆ.

ಸೀಸದ ಕಥೆಯೂ ಇದೇ ತೆರನಾದುದು. ಭಾರತದಲ್ಲಿ 2016ರ ನಿಯಮಗಳಂತೆ ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷದಲ್ಲಿ 90 ಭಾಗಗಳನ್ನು ಮೀರಬಾರದೆಂಬ ಮಿತಿಯು 2017ರ ನವೆಂಬರ್ 1ರಿಂದ ಜಾರಿಗೆ ಬಂದಿತು. ಅದಕ್ಕೂ ಹಿಂದಿನ ಎನಾಮಲ್ ಬಣ್ಣಗಳು ಹಲವು ಗೋಡೆ, ಬಾಗಿಲುಗಳ ಮೇಲೆ ಇನ್ನೂ ಇವೆ. ಹೊಸ ಲೇಪಕ್ಕಾಗಿ ಅವನ್ನು ಒಣದಾಗಿ ಉಜ್ಜಿದರೆ ಏಳುವ ಧೂಳು ಎಳೆಯ ಮಕ್ಕಳಿಗೆ ಅಪಾಯಕರ. ಗೋಡೆಯ ಚರಿತ್ರೆ ತಿಳಿದಿರುವುದು ಕುತೂಹಲದ ವಿಷಯವಲ್ಲ, ರಕ್ಷಣೆಯ ವಿಷಯ.

ಕೆಲಸಗಾರನ ಉಸಿರು

ಗೋಡೆಯ ಸತ್ಯವನ್ನು ವಿಚಾರಿಸುವಾಗ ಅದರ ಮುಂದೆ ನಿಂತು ದುಡಿಯುವವನನ್ನು ಮರೆಯಬಾರದು. ಲೇಪಕ್ಕೆ ಮುಂಚೆ ಹಳೆಯ ಪದರವನ್ನು ಕೆರೆಯುವುದು, ಪುಟ್ಟಿಯನ್ನು ಉಜ್ಜುವುದು ಅನಿವಾರ್ಯ. ಕಿಟಕಿ ಮುಚ್ಚಿದ ಕೋಣೆಯಲ್ಲಿ, ಮೂಗಿಗೆ ಒಂದು ತೆಳುವಾದ ಬಟ್ಟೆ ಕಟ್ಟಿಕೊಂಡು, ಮೈಯೆಲ್ಲ ಬಿಳಿಯಾಗಿ ನಿಂತ ಕೆಲಸಗಾರನ ದೃಶ್ಯ ಎಲ್ಲ ಊರುಗಳಲ್ಲಿಯೂ ಸಾಮಾನ್ಯ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1989ರಲ್ಲಿಯೇ ಬಣ್ಣ ಬಳಿಯುವ ವೃತ್ತಿಯನ್ನು ಕ್ಯಾನ್ಸರಿಗೆ ಕಾರಣವಾಗಬಲ್ಲದ್ದೆಂದು ಖಚಿತವಾದ ಗುಂಪಿಗೆ ಸೇರಿಸಿತು. 1997ರಲ್ಲಿ ಉಸಿರಿನೊಂದಿಗೆ ಸೇರುವ ಹರಳುರೂಪದ ಸಿಲಿಕಾ ಧೂಳೂ ಅದೇ ಗುಂಪಿಗೆ ಸೇರಿತು. ಬೆಣಚುಕಲ್ಲಿನ ಮರಳಿರುವ ಟೆಕ್ಸ್ಚರ್ ಲೇಪವನ್ನು ಒಣದಾಗಿ ಉಜ್ಜುವುದು ಆ ದೃಷ್ಟಿಯಿಂದ ಲಘುವಾದ ಸಂಗತಿಯಲ್ಲ.

ಇಲ್ಲಿ ಪರಿಹಾರ ದುಬಾರಿಯೂ ಅಲ್ಲ. ನೀರು ಚಿಮುಕಿಸಿ ತೇವದಲ್ಲಿ ಉಜ್ಜಿದರೆ ಧೂಳು ಬಹುಮಟ್ಟಿಗೆ ಏಳುವುದಿಲ್ಲ. ಕಿಟಕಿಗಳನ್ನು ತೆರೆದಿಡಬಹುದು. ಧೂಳು ತಡೆಯುವ ಸರಿಯಾದ ಮುಖವಾಡವನ್ನು ಮನೆಯ ಯಜಮಾನನೇ ಕೊಡಿಸಬಹುದು. ಇವೆಲ್ಲಕ್ಕೂ ಒಂದೆರಡು ದಿನ ಹೆಚ್ಚು ಹಿಡಿಯುತ್ತದೆ. ಗೃಹಪ್ರವೇಶದ ಮುಹೂರ್ತ ಸಮೀಪಿಸಿದೆ ಎಂಬ ಕಾರಣದಿಂದ ಆ ಎರಡು ದಿನಗಳನ್ನು ಕೆಲಸಗಾರನ ಶ್ವಾಸಕೋಶದಿಂದ ಕಡ ತರುವವರುಂಟು. ಇರುವೆಯನ್ನು ಕಂಡು ಹೆಜ್ಜೆ ತಪ್ಪಿಸುವ ಮನೆಯಲ್ಲಿ ಮನುಷ್ಯನ ಉಸಿರಿಗೆ ಅಷ್ಟಾದರೂ ಜಾಗರೂಕತೆ ಸಲ್ಲಬೇಕು. ಪ್ರಮಾದವೇ ಹಿಂಸೆಯ ಮೂಲವೆಂದು ಹೇಳಿರುವುದು ಇಂಥ ಸಂದರ್ಭಗಳಿಗೂ ಅನ್ವಯಿಸುತ್ತದೆ.

ಬಣ್ಣದ ವ್ಯಾಪಾರಿಯೂ ಗುತ್ತಿಗೆದಾರನೂ ಈ ಸರಪಳಿಯ ಕೊಂಡಿಗಳೇ. ತೇವದ ಗೋಡೆಗೆ ಯಾವ ಲೇಪ ಚೆನ್ನ ಎಂದು ಗಿರಾಕಿ ಕೇಳಿದಾಗ ದುಬಾರಿಯಾದ ಡಬ್ಬಿಯನ್ನು ತೋರಿಸುವುದು ಸುಲಭ. ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿಸಿ ಎಂದು ಹೇಳಿ ಆ ದಿನದ ಮಾರಾಟವನ್ನು ಬಿಟ್ಟುಕೊಡುವುದು ಕಷ್ಟ. ಹೊಸ ಸಿಮೆಂಟ್ ಗಾರೆಗೆ ಬಣ್ಣ ಬಳಿಯುವ ಮೊದಲು ಸುಮಾರು 28 ದಿನ ಕಾಯಬೇಕೆಂಬುದನ್ನು ಬಲ್ಲ ಗುತ್ತಿಗೆದಾರನು ಯಜಮಾನನ ಅವಸರಕ್ಕೆ ಮಣಿದು ಹತ್ತನೆಯ ದಿನವೇ ಲೇಪ ಮಾಡಿದರೆ ಅವನ ತಿಳಿವಳಿಕೆಗೆ ಅರ್ಥವೇನು? ಬಲ್ಲವನ ಮೌನಕ್ಕೆ ಅರಿಯದವನ ಮಾತಿಗಿಂತ ಹೆಚ್ಚಿನ ಹೊಣೆಯುಂಟು.

ಸಂಸ್ಥೆಗಳ ಗೋಡೆಗಳು

ಸ್ವಂತ ಮನೆಯ ಗೋಡೆಗಿಂತ ಟ್ರಸ್ಟಿನ ಆಡಳಿತದಲ್ಲಿರುವ ಗೋಡೆಯ ವಿಷಯದಲ್ಲಿ ಎಚ್ಚರವು ಇಮ್ಮಡಿಯಾಗಿರಬೇಕು. ಯಾತ್ರಿನಿವಾಸ, ಪ್ರವಚನ ಮಂದಿರ, ಕಚೇರಿ ಮೊದಲಾದ ಹೊಸ ಕಟ್ಟಡಗಳಲ್ಲಿ ಟೆಕ್ಸ್ಚರ್ ಲೇಪವನ್ನು ಬಳಸುವುದಕ್ಕೆ ಅಡ್ಡಿಯಿಲ್ಲ. ಪುರಾತನ ಬಸದಿಯ ಒಳಗೋಡೆಯ ಮಾತು ಬೇರೆ. ಶ್ರವಣಬೆಳಗೊಳದ ಶಾಸನಗಳನ್ನು ಬಿ.ಎಲ್. ರೈಸ್ 1889ರಲ್ಲಿ ಪ್ರಕಟಿಸಿದಾಗ ಅವು 144. ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿ ಪ್ರಕಟಿಸಿದಾಗ 500. ಮೊದಲು ನೋಡಿದವರ ಗಮನಕ್ಕೆ ಬಾರದೆ ಉಳಿದುದು ಮುಂದೆ ಬಂದವರಿಗೆ ದೊರೆಯಬೇಕಾದರೆ ಕಲ್ಲಿನ ಮೈ ತೆರೆದಿರಬೇಕು. ಕಂಬದ ಮೇಲೆ, ಗೋಡೆಯ ಬುಡದಲ್ಲಿ ಸವೆದಿರುವ ಎರಡು ಸಾಲು ಅಕ್ಷರ ಇಂದು ಯಾರಿಗೂ ಓದಲು ಬಾರದಿರಬಹುದು, ನಾಳೆ ಬಂದೀತು. ಅದರ ಮೇಲೆ ಎರಡು ಮಿಲಿಮೀಟರ್ ಅಕ್ರಿಲಿಕ್ ಬಳಿದರೆ, ಕೆರೆದು ತೆಗೆಯುವಾಗ ಅಕ್ಷರವೂ ಹೋಗುತ್ತದೆ. ಹಳೆಯ ಕಲ್ಲು, ಸುಣ್ಣಗಾರೆಗಳ ಗೋಡೆಗೆ ಉಸಿರಾಟವೂ ಬೇಕು. ಭಕ್ತರ ದಾನದಿಂದ ಅಂದಗೊಳಿಸಬೇಕೆಂಬ ಉತ್ಸಾಹ ಮೆಚ್ಚತಕ್ಕದ್ದೇ. ಆದರೆ ಟ್ರಸ್ಟಿಗಳು ಗೋಡೆಯ ಒಡೆಯರಲ್ಲ, ಕಾವಲುಗಾರರು. ಮರಳಿ ತೆಗೆಯಲು ಬಾರದ ಕೆಲಸಕ್ಕೆ ಕೈಹಾಕುವ ಮುನ್ನ ಪುರಾತತ್ತ್ವ ಬಲ್ಲವರನ್ನು ಕೇಳುವುದು ಅವರ ಕರ್ತವ್ಯ.

ಮಿತಿಯ ಮಾತು

ಕೊನೆಯದಾಗಿ ಪರಿಮಾಣದ ಪ್ರಶ್ನೆ. ಹನ್ನೆರಡು ಅಡಿ ಅಗಲ, ಹತ್ತು ಅಡಿ ಎತ್ತರದ ಒಂದು ಗೋಡೆಯ ವಿಸ್ತೀರ್ಣ ಸುಮಾರು 11 ಚದರ ಮೀಟರ್. ಚದರ ಮೀಟರಿಗೆ ಒಂದೂವರೆ ಕಿಲೋ ಲೇಪವೆಂದು ಹಿಡಿದರೂ ಒಂದು ಗೋಡೆಗೆ 16ರಿಂದ 17 ಕಿಲೋ ಆಗುತ್ತದೆ. ಬೇಸರವಾದ ದಿನ ಅಷ್ಟನ್ನೂ ಕೆರೆದು ಕಸಕ್ಕೆ ಹಾಕಬೇಕು. ಆ ಕಸ ಮಣ್ಣಿನಲ್ಲಿ ಕರಗುವುದಿಲ್ಲ. ಉಬ್ಬುತಗ್ಗಿನ ಗೋಡೆಯ ಮೇಲೆ ಧೂಳು ನಿಲ್ಲುತ್ತದೆ, ಜೇಡ ಮುಂತಾದ ಸಣ್ಣ ಜೀವಿಗಳು ಅದರ ಸಂದುಗಳಲ್ಲಿ ನೆಲಸುತ್ತವೆ. ನುಣುಪಾದ ಗೋಡೆಯನ್ನು ಮೃದುವಾದ ಬಟ್ಟೆಯಿಂದ ಒರೆಸಬಹುದು. ಒರಟಾದ ಗೋಡೆಯನ್ನು ಗಡುಸಾಗಿ ಉಜ್ಜಬೇಕಾಗುತ್ತದೆ, ಆಗ ಜೀವಹಾನಿ ಹೆಚ್ಚು. ಆದುದರಿಂದ ಅಡುಗೆಮನೆ, ಮಕ್ಕಳ ಕೋಣೆ, ಉಬ್ಬಸವುಳ್ಳವರ ಕೋಣೆಗಳನ್ನು ನುಣುಪಾಗಿಯೇ ಉಳಿಸಿ, ಆಸೆಯಿದ್ದರೆ ಒಂದು ಕೋಣೆಯ ಒಂದು ಗೋಡೆಗೆ ಮಾತ್ರ ಈ ಅಲಂಕಾರವನ್ನು ಮಿತಿಗೊಳಿಸುವುದು ವಿವೇಕ. ಕುಶಲಕರ್ಮಿಗಳೂ ಸೌಂದರ್ಯದ ದೃಷ್ಟಿಯಿಂದ ಇದೇ ಸಲಹೆಯನ್ನು ಕೊಡುತ್ತಾರೆ.

ಮೇಲಿನ ವಿಚಾರಗಳಿಂದ ಗೃಹಸ್ಥನಿಗೆ ಒದಗುವ ಕರ್ತವ್ಯಗಳು ಹೆಚ್ಚಲ್ಲ. ಮೊದಲನೆಯದು ಪರೀಕ್ಷೆ. ಸಂಶಯವಿದ್ದ ಗೋಡೆಗೆ ಒಂದು ಚದರ ಅಡಿಯ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚುಗಳಲ್ಲಿ ಅಂಟಿಸಿ ಒಂದೆರಡು ದಿನ ಬಿಟ್ಟರೆ ಸಾಕು. ಹಾಳೆಯ ಒಳಮೈಯಲ್ಲಿ ನೀರಹನಿ ಕಂಡರೆ ತೇವವು ಗೋಡೆಯದು, ಹೊರಮೈಯಲ್ಲಿ ಕಂಡರೆ ಕೋಣೆಯ ಗಾಳಿಯದು. ಎರಡನೆಯದು ಚಿಕಿತ್ಸೆ. ಕಾರಣವನ್ನು ಹುಡುಕಿ ನಿವಾರಿಸಿ, ಸಾಧ್ಯವಾದರೆ ಒಂದು ಮಳೆಗಾಲ ಕಾದು, ನಂತರ ಲೇಪ. ಮೂರನೆಯದು ದಾಖಲೆ. ಯಾವ ಗೋಡೆ, ಏನು ದೋಷ, ಏನು ದುರಸ್ತಿ, ಯಾವ ಲೇಪ, ಯಾವ ವರ್ಷ ಎಂದು ಒಂದು ಹಾಳೆಯಲ್ಲಿ ಬರೆದು ಮನೆಯ ಕಾಗದಪತ್ರಗಳ ಜೊತೆಯಲ್ಲಿ ಇಡುವುದು. ನಾಲ್ಕನೆಯದು ಆ ಹಾಳೆಯನ್ನು ಕೊಳ್ಳುವವನಿಗೆ, ಬಾಡಿಗೆದಾರನಿಗೆ, ಮುಂದೆ ಕೆರೆಯಲು ಬರುವ ಕೆಲಸಗಾರನಿಗೆ ಅವರು ಕೇಳುವ ಮೊದಲೇ ಕೊಡುವುದು. ಅಂಗಡಿಯ ಖಾತೆಯನ್ನು ದೀಪಾವಳಿಯಿಂದ ದೀಪಾವಳಿಗೆ ತಪ್ಪದೆ ಬರೆಯುವ ಮನೆತನಗಳಿಗೆ ಮನೆಗೊಂದು ಗೋಡೆಯ ಖಾತೆ ಬರೆಯುವುದು ಭಾರವಾಗಲಾರದು. ಗೋಡೆ ಮುಚ್ಚಿರಲಿ, ಖಾತೆ ತೆರೆದಿರಲಿ.